ಕಬ್ಬಿಣದ ಊರಿನ ಒಂಬತ್ತನೇ ಮನೆ

ನಾವು ಅಮೆರಿಕದ ಪ್ಲಿಮತ್‌ಗೆ ಬಂದದ್ದು ೧೯೯೮ರ ಕೊನೆಯಲ್ಲಿ. ನನ್ನ ಗಂಡ ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯೊಂದರ ಆಫೀಸಿನಲ್ಲಿ ಇಂಜಿನಿಯರ್. ನನ್ನದು ಡಿಪೆಂಡೆಂಟ್ ವೀಸಾ, ಕೆಲಸ ಮಾಡುವಂತಿಲ್ಲ. ಡ್ರೈವಿಂಗ್ ಬರುತ್ತಿರಲಿಲ್ಲ. ಅಂಗಡಿ ಇದ್ದದ್ದು ಒಂದು ಮೈಲಿ ದೂರದಲ್ಲಿ. ಮೈಸೂರಿನಲ್ಲಿ ಒಂದು ಮೈಲಿ ನಡೆಯುವುದನ್ನು ಯಾರೂ ನಡಿಗೆ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಒಂದು ದಿನ ಮಗಳನ್ನು ಸ್ಟ್ರೋಲರಿನಲ್ಲಿ ಕೂರಿಸಿ, ಕಂಬಳಿ ಹೊದಿಸಿ ಹೊರಟೆ. ನಮ್ಮ ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ಗೇಟು ದಾಟಿದ ಕೂಡಲೇ ಕಾಲುದಾರಿ ಮುಗಿದುಹೋಯಿತು. ರಸ್ತೆಯ ಅಂಚಿನಲ್ಲಿ ಹಿಮ ಗುಡ್ಡೆಯಾಗಿತ್ತು. ಕಾರುಗಳು ಪಕ್ಕದಲ್ಲೇ ಭರ್ರನೆ ಹೋಗುತ್ತಿದ್ದವು.

ಹಳೆಯ ಕಂದು ಬಣ್ಣದ ಕಾರೊಂದು ನನ್ನ ಪಕ್ಕದಲ್ಲಿ ನಿಧಾನವಾಯಿತು. ಕಿಟಕಿ ಇಳಿಸಿ ಒಬ್ಬ ಮುದುಕರು, "ಹೀಗೆ ಹೋದ್ರೆ ನೀನೂ ಸಾಯ್ತೀಯ, ಮಗೂನೂ ಸಾಯುತ್ತೆ. ಹತ್ತು" ಎಂದರು. ನಾನು ಹತ್ತಲಿಲ್ಲ. ಗುರುತಿಲ್ಲದವರ ಕಾರು ಹತ್ತುವುದು ಹೇಗೆ? ಅವರು ಮತ್ತೆ ಒತ್ತಾಯ ಮಾಡಲಿಲ್ಲ. ಕಾರಿನ ಎಚ್ಚರಿಕೆ ದೀಪ ಹಾಕಿಕೊಂಡು, ಅಂಗಡಿಯವರೆಗೂ ನನ್ನ ಹಿಂದೆ ನನ್ನ ನಡಿಗೆಯ ವೇಗದಲ್ಲೇ ಬಂದರು. ಅವರ ಹಿಂದೆ ಆರೇಳು ಕಾರುಗಳು ಸಾಲಾಗಿ, ಹಾರ್ನ್ ಮಾಡುತ್ತಾ ಬರುತ್ತಿದ್ದವು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎರಡು ದಿನದ ಮೇಲೆ ನನ್ನ ಗಂಡ ಸುದ್ದಿ ತಂದರು. "ಅವರು ನಮ್ಮ ಸ್ಟ್ರೀಟಲ್ಲೇ ಮೂರನೇ ಮನೇಲಿರೋದು ಕಣೆ. ಸ್ವೀಡನ್ನಿನವರಂತೆ. ಸ್ಟರ್ಲಿಂಗ್ ಹೈಟ್ಸ್ ಕಾರ್ ಪ್ಲಾಂಟಲ್ಲಿ ಟೂಲ್ ಮೇಕರ್ ಆಗಿ ರಿಟೈರ್ ಆಗಿದಾರಂತೆ. ಹೆಂಡ್ತಿ ಹೋಗ್ಬಿಟ್ಟಿದಾರೆ ಪಾಪ. ನಿಂಗೆ ಡ್ರೈವಿಂಗ್ ಕಲಿಸ್ತೀನಿ ಅಂತಿದಾರೆ. ನಂಗಂತೂ ವೀಕೆಂಡ್ ಬಿಟ್ರೆ ಟೈಮಿಲ್ಲ. ಹೋಗ್ತೀಯಾ?"

ಹೀಗೆ ಆ ಸ್ವೀಡನ್ನಿನ ಮುದುಕರು ನನಗೆ ಗುರುಗಳಾದರು. ಹಿರಿಯರನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ, 'ಅಂಕಲ್' ಎಂದೆ. ಅವರಿಗೆ ಅದು ವಿಚಿತ್ರವೆನಿಸಿ ಮೊದಮೊದಲು ನಕ್ಕರು. ಆಮೇಲೆ ಫೋನ್ ಮಾಡಿದರೆ ಅವರೇ "ಅಂಕಲ್ ಮಾತಾಡ್ತಿರೋದು" ಎನ್ನುತ್ತಿದ್ದರು. ನಾವಿಬ್ಬರೂ ಆಡಿದ್ದೆಲ್ಲ ಇಂಗ್ಲಿಷಿನಲ್ಲೇ, ಅವರದೂ ನನ್ನದೂ ಎರಡೂ ಹೊರಗಿನ ಇಂಗ್ಲಿಷು. ಈಗ ನೆನೆಸಿಕೊಂಡರೆ ಮಾತ್ರ ಅವರು ನಮ್ಮ ಮನೆಯ ಕನ್ನಡವನ್ನೇ ಆಡಿದಂತೆ ಕೇಳಿಸುತ್ತದೆ. ಹಾಗೇ ಬರೆಯುತ್ತೇನೆ.

ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಸುತ್ತು ಹಾಕಿಸುತ್ತಿದ್ದರು. ನನ್ನ ಹೆಗಲು ಕಿವಿಯ ಹತ್ತಿರ ಏರಿ ಕೂತಿರುತ್ತಿತ್ತು. ಅದು ಇಳಿಯಲಿ ಎಂದು ಅವರು ತಮ್ಮೂರಿನ ಕಥೆ ಶುರುಮಾಡುತ್ತಿದ್ದರು. "ಮಾತು ಕೇಳ್ತಾ ಓಡಿಸೋಕೆ ಬಂತು ಅಂದ್ರೆ ಓಡಿಸೋಕೆ ಬಂತು ಅಂತ ಅರ್ಥ" ಎನ್ನುವುದು ಅವರ ಲೆಕ್ಕ. ಹೀಗಾಗಿ ಆ ಊರಿನ ಚರಿತ್ರೆ ನನಗೆ ತಿಳಿದದ್ದು ಬ್ರೇಕು, ಕನ್ನಡಿ, ಎಡ ತಿರುವುಗಳ ನಡುವೆ.

ಊರು ಅನ್ನುವುದಕ್ಕಿಂತ ಅದೊಂದು ಕಬ್ಬಿಣದ ಕಾರ್ಖಾನೆ, ಅದರ ಸುತ್ತ ಕಟ್ಟಿದ ಮನೆಗಳು. ಕೆರೆಯಿಂದ ಇಳಿಯುವ ಹೊಳೆಗೆ ಕಟ್ಟೆ ಹಾಕಿ, ಆ ನೀರಿನಿಂದ ದೊಡ್ಡ ಚಕ್ರ ತಿರುಗಿಸಿ, ಚಕ್ರದಿಂದ ಆಳೆತ್ತರದ ಸುತ್ತಿಗೆ ಎತ್ತಿ ಬಡಿಯುತ್ತಿದ್ದರಂತೆ. ಅದಿರು ಬೇರೆ ಕಡೆಯಿಂದ ಬರಬೇಕು. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದ ಮೇಲೆ ಕುದುರೆಗಳು ಜಾರುಬಂಡಿಯಲ್ಲಿ ಎಳೆದು ತರುತ್ತಿದ್ದವು. ಸುತ್ತಲಿನ ರೈತರು ಕಾಡಿನ ಮರ ಸುಟ್ಟು ಇದ್ದಿಲು ಮಾಡಿ ಕೊಡಬೇಕಿತ್ತು. ಮನೆ ಒಡೆಯನದು. ಸೌದೆ, ಹಾಲು, ಅಂಗಡಿ, ವೈದ್ಯ ಎಲ್ಲ ಒಡೆಯನದು. ಯಾರಾದರೂ ಸತ್ತರೆ ಶವಪೆಟ್ಟಿಗೆಗೆ ಹಲಗೆಯೂ ಕಾರ್ಖಾನೆಯ ಮರದ ಕೊಟ್ಟಿಗೆಯಿಂದಲೇ. ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು.

"ನಮ್ಮ ವಂಶದವರು ಆ ದೇಶದವರೇ ಅಲ್ಲ" ಎಂದರು ಒಮ್ಮೆ. "ಹಿಂದೆ ಯಾವುದೋ ಕಾಲದಲ್ಲಿ ಒಡೆಯ ದಕ್ಷಿಣದ ದೇಶದಿಂದ ಒಳ್ಳೇ ಕಮ್ಮಾರರನ್ನ ಕರೆಸಿದ. ನಮ್ಮ ಮುತ್ತಾತನ ಮುತ್ತಾತ ಹಾಗೆ ಬಂದವನು. ಸುಮಾರು ತಲೆಮಾರಿನವರೆಗೂ ನಮ್ಮನ್ನ ಹೊರಗಿನವರು ಅಂತಲೇ ಕರೀತಿದ್ರು."

ಇದನ್ನು ಮನೆಯಲ್ಲಿ ಹೇಳಿದಾಗ ನನ್ನ ಗಂಡ ನಕ್ಕುಬಿಟ್ಟರು. "ಅಂದ್ರೆ ಅವರೂ ಎಚ್-ಒನ್ ವೀಸಾ ಮೇಲೆ ಬಂದಿದ್ರು ಅನ್ನು."

ಕಾಲ ಬದಲಾಗಿ ಸುತ್ತಿಗೆ ನಿಂತು, ಅಲ್ಲಿ ಮೊಳೆ, ಕುಡುಗೋಲು ಮಾಡತೊಡಗಿದರು. ಎರಡನೇ ಮಹಾಯುದ್ಧ ಮುಗಿದ ಕೆಲವು ವರ್ಷಗಳಿಗೆ ದೊಡ್ಡ ಕಾರ್ಖಾನೆಗಳ ಎದುರು ನಿಲ್ಲಲಾರದೆ ಅದೂ ಮುಚ್ಚಿತು. ಅಷ್ಟು ಹೊತ್ತಿಗೆ ಅಂಕಲ್ ಅಲ್ಲಿ ಇರಲಿಲ್ಲ. ಏಕೆ ಇರಲಿಲ್ಲ ಎಂದು ಕೇಳಿದರೆ, "ಎಡಗಡೆ ಕನ್ನಡಿ ನೋಡು" ಎನ್ನುತ್ತಿದ್ದರು.

ನನಗೆ ಲೈಸೆನ್ಸ್ ಸಿಕ್ಕಿತು. ಅವರು ಬೆಣ್ಣೆ ಹಾಕಿದ ಏಲಕ್ಕಿ ಬನ್ನು ತಂದುಕೊಟ್ಟರು. ಏಲಕ್ಕಿ ನಮ್ಮದೇ ಸ್ವತ್ತು ಎಂದುಕೊಂಡಿದ್ದ ನನಗೆ, ಅವರ ಊರಿನಲ್ಲಿ ಅದು ಮನೆಮನೆಯ ತಿಂಡಿ ಎಂದು ಕೇಳಿ ಆಶ್ಚರ್ಯವಾಯಿತು.

ಮೂರು ವರ್ಷ ಕಳೆಯುವಷ್ಟರಲ್ಲಿ ಅವರ ಕಣ್ಣಿನ ನಡುಭಾಗ ಮಸುಕಾಯಿತು. ಅಂಚಿನಲ್ಲಿರುವುದು ಕಾಣುತ್ತಿತ್ತು, ಎದುರಿಗಿರುವುದು ಕಾಣುತ್ತಿರಲಿಲ್ಲ. ಲೈಸೆನ್ಸನ್ನು ತಾವೇ ಹೋಗಿ ವಾಪಸ್ ಕೊಟ್ಟು ಬಂದರು. ಆಮೇಲೆ ಕಣ್ಣಿನ ಡಾಕ್ಟರ ಬಳಿಗೆ, ಅಂಗಡಿಗೆ, ಕ್ಷೌರಕ್ಕೆ ಅವರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸವಾಯಿತು. ಪಕ್ಕದಲ್ಲಿ ಕೂತು ಈಗಲೂ ತಪ್ಪು ತೋರಿಸುತ್ತಿದ್ದರು, ಕಿವಿಯಿಂದಲೇ. "ಹಳದಿ ದೀಪದಲ್ಲಿ ದಾಟಿದೆ ಅಲ್ವಾ? ಎಂಜಿನ್ ಸದ್ದು ಹೇಳುತ್ತೆ."

೨೦೦೨ರ ಬೇಸಿಗೆಯಲ್ಲಿ ಅವರಿಗೆ ಊರಿನಿಂದ ಒಂದು ಲಕೋಟೆ ಬಂತು. ಕಾರ್ಖಾನೆ ಮುಚ್ಚಿದ ಆ ಊರು ಈಗ ನಗರದವರು ಬೇಸಿಗೆ ಕಳೆಯುವ ಜಾಗ. ಇದ್ದಿಲಿನ ಕಣಜ ಕಾಫಿ ಅಂಗಡಿಯಾಗಿದೆ. ಅಲ್ಲಿನ ಕೆಲವರು ಸೇರಿ ಊರಿನ ಚರಿತ್ರೆಯ ಪುಸ್ತಕ ತರುತ್ತಿದ್ದರು, ಅದರ ಕರಡು ಕಳಿಸಿದ್ದರು. ಕಾಗದವನ್ನು ಟಿವಿಯಂಥ ಒಂದು ಯಂತ್ರದ ಕೆಳಗಿಟ್ಟು, ಒಂದೊಂದು ಪದವನ್ನೂ ಅಂಗೈಯಷ್ಟು ದೊಡ್ಡದು ಮಾಡಿ ಓದಲು ಅವರಿಗೆ ಒಂದು ವಾರ ಹಿಡಿಯಿತು. ನಾನು ಒಂದು ಮಧ್ಯಾಹ್ನ ಹೋದಾಗ ಯಂತ್ರದ ಪರದೆಯ ಮೇಲೆ ಒಂದು ನಕ್ಷೆ ಇತ್ತು. ಸಾಲಾಗಿ ಹದಿನಾಲ್ಕು ಚೌಕಗಳು.

"ಕೆಲಸಗಾರರ ಮನೆಗಳು" ಎಂದರು. "ಒಂಬತ್ತನೇದು ನಮ್ಮದು. ಅಪ್ಪ ಸತ್ತ ಮೇಲೆ ಈ ಕುಟುಂಬ ಒಳ್ಳೆಯ ಅವಕಾಶ ಹುಡುಕಿಕೊಂಡು ಪಟ್ಟಣಕ್ಕೆ ಹೋಯಿತು ಅಂತ ಬರೆದಿದಾರೆ."

"ಅದು ಸುಳ್ಳಾ?"

"ನಮ್ಮನ್ನ ಹೊರಗೆ ಹಾಕಿದ್ರು."

ಇದು ತಪ್ಪು ಎಂದು ಅವರು ಪತ್ರ ಬರೆದರು. ಬಹಳ ವಿನಯದ ಉತ್ತರ ಬಂತು: ಕಾರ್ಖಾನೆಯ ದಾಖಲೆಯಲ್ಲಿ 'ಮನೆ ಹಿಂದಿರುಗಿಸಲಾಗಿದೆ' ಎಂದಷ್ಟೇ ಇದೆ. ಆಗ ಆಫೀಸಿನಲ್ಲಿದ್ದ ಯಾರಾದರೂ ಹೇಳಿದರೆ ಖಂಡಿತ ತಿದ್ದುತ್ತೇವೆ. ಆ ಆಫೀಸಿನಲ್ಲಿದ್ದವರಲ್ಲಿ ಬದುಕಿದ್ದವರು ಒಬ್ಬರೇ. ಮ್ಯಾನೇಜರನ ಮಗ, ಆಗ ಅಪ್ಪನ ಕೈಕೆಳಗೆ ಗುಮಾಸ್ತನಾಗಿದ್ದವರು, ಆಮೇಲೆ ಅವರೂ ಅಮೆರಿಕಕ್ಕೆ ಬಂದವರು. ಈಗ ವುಡ್‌ರಿಡ್ಜ್‌ನಲ್ಲಿ ಮಗಳ ಮನೆಯಲ್ಲಿದ್ದರು. ನಮ್ಮಿಂದ ಇನ್ನೂರ ಎಪ್ಪತ್ತು ಮೈಲಿ.

"ಒಂದೇ ಊರಿನವರು, ಇಷ್ಟು ಹತ್ತಿರ ಇದ್ದೂ ನೀವು ನೋಡಿಲ್ವಾ ಅಂಕಲ್?"

"ಐವತ್ತು ವರ್ಷದಿಂದ ಮಾತಿಲ್ಲ. ಅವನಪ್ಪನ ಮಗ ಅವನು" ಎಂದರು. ಅಷ್ಟೇ ಸಾಕು ಎನ್ನುವ ಧಾಟಿಯಲ್ಲಿ.

ನಾನೇ ಕರೆದುಕೊಂಡು ಹೋಗುತ್ತೇನೆ ಎಂದಾಗ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. "ಆನ್ ಆರ್ಬರ್ ದಾಟಿ ಹೋಗಿಲ್ಲ ನೀನು. ದಾರೀಲಿ ಗ್ಯಾರಿ ಊರ ಹತ್ರ ಟ್ರಕ್‌ಗಳು ಹೇಗಿರುತ್ವೆ ಗೊತ್ತಾ? ನಾನೇ ಡ್ರೈವ್ ಮಾಡ್ತೀನಿ, ಮುಂದಿನ ತಿಂಗಳು ರಜ ಹಾಕಿ" ಎಂದರು ನನ್ನ ಗಂಡ. "ಅವರಿಗೆ ಮುಂದಿನ ತಿಂಗಳು ಕಾಯೋ ವಯಸ್ಸಲ್ಲ" ಎಂದೆ. ಐದು ವರ್ಷದ ಮಗಳು, "ವೈ ಕಾಂಟ್ ಐ ಗೋ?" ಎಂದು ರಾಗ ಎಳೆದಳು. ಕೊನೆಗೆ ಅಪ್ಪ-ಮಗಳು ಮನೆಯಲ್ಲಿ ಉಳಿದರು. ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ಹೊರಟೆವು.

ದಾರಿಯಲ್ಲಿ, ಜ್ಯಾಕ್ಸನ್ ದಾಟಿದ ಮೇಲೆ, ಅವರು ತಾವಾಗಿಯೇ ಹೇಳತೊಡಗಿದರು. ಅವರಿಗೆ ಹದಿನೇಳು ವರ್ಷವಿದ್ದಾಗ ತಂದೆ ಶ್ವಾಸಕೋಶದ ಕಾಯಿಲೆಯಿಂದ ಹೋದರು. ಇವರು ಆಗ ಕುಲುಮೆಯಲ್ಲಿ ಕೆಲಸ ಕಲಿಯುತ್ತಿದ್ದರು, ಪೂರ್ತಿ ಕೆಲಸಗಾರರಲ್ಲ. ಮನೆ ಪೂರ್ತಿ ಕೆಲಸಗಾರರಿಗೆ ಮಾತ್ರ. ನವೆಂಬರಿನ ಒಂದು ಸಂಜೆ ಊಟ ಮಾಡಿ ಎದ್ದಾಗ ಬಾಗಿಲಿನ ಕೆಳಗೆ ಕಾಗದ ಬಿದ್ದಿತ್ತು. ಕ್ರಿಸ್ಮಸ್ಸಿಗೆ ಮುಂಚೆ ಮನೆ ಬಿಡಬೇಕು, ಮ್ಯಾನೇಜರನ ಸಹಿ. ತಾಯಿ, ಇಬ್ಬರು ತಂಗಿಯರು, ಇವರು. ಜಾರುಬಂಡಿಯಲ್ಲಿ ಸಾಮಾನು ಹೇರಿಕೊಂಡು ಹೋದರು. ಇವರು ಅಮೆರಿಕಕ್ಕೆ ಬಂದದ್ದು ಆಮೇಲೆ.

"ಆ ಮನೆಗೆ ಬಂದವನೂ ಎರಡೇ ವರ್ಷ ಇದ್ದ. ಕಾರ್ಖಾನೇನೇ ಮುಚ್ಚಿತು. ಆಮೇಲೆ ಮನೆ ಖಾಲಿ ಬಿದ್ದಿತ್ತು, ಹತ್ತಾರು ವರ್ಷ" ಎಂದರು. "ಮನೆ ಹೋಗಿದ್ದಕ್ಕಲ್ಲ ಅಮ್ಮನಿಗೆ ಸಂಕಟ. ಅವರ ನಿಯಮ ಅವಳಿಗೆ ಗೊತ್ತಿತ್ತು. ಬಾಗಿಲು ತಟ್ಟಿ, ಟೋಪಿ ತೆಗೆದು, ಮುಖ ನೋಡಿ ಹೇಳಲಿಲ್ಲ ಅಂತ. ನಾಯಿಗೆ ಎಸೆದ ಹಾಗೆ ಎಸೆದು ಹೋದರು ಅಂತ. ಸಾಯೋವರೆಗೂ ಅದನ್ನೇ ಹೇಳಿದಳು."

ನಾನೂ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ರಿಟೈರ್ ಆದ ಮೇಲೆ ಮೂರು ತಿಂಗಳಲ್ಲಿ ಮನೆ ಬಿಟ್ಟೆವು. ಲಾರಿಗೆ ಸಾಮಾನೆಲ್ಲ ಏರಿಸಿ ಆದ ಮೇಲೂ ಅಮ್ಮ ಬರಲಿಲ್ಲ. ಹೋಗಿ ನೋಡಿದರೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಯ ನೆಲ ಉಜ್ಜುತ್ತಿದ್ದರು. "ಬರೋರು ಏನಂದ್ಕೋತಾರೆ" ಎಂದರು. ಇದನ್ನು ಅಂಕಲ್‌ಗೆ ಹೇಳಿದೆ.

ಅವರು, "ನಮ್ಮಮ್ಮ ತೊಳೀಲಿಲ್ಲ. ಒಲೆ ಬೂದೀನೆಲ್ಲ ಬಾಚಿ ನೆಲದ ಮೇಲೆ ಸುರಿದು ಬಂದಳು" ಎಂದರು. ಆಮೇಲೆ, "ಎಡಗಡೆ ದೊಡ್ಡ ಲಾರಿ ಇದೆ. ಹೋಗ್ಲಿ ಬಿಡು" ಎಂದರು.

ಗ್ಯಾರಿಯ ಬಳಿ ನನ್ನ ಗಂಡ ಹೇಳಿದ್ದು ನಿಜವಾಯಿತು. ಎರಡೂ ಪಕ್ಕದಲ್ಲಿ ಟ್ರಕ್ಕುಗಳ ಗೋಡೆ. ಅಂಕಲ್ ಒಂದು ತಪ್ಪನ್ನೂ ತೋರಿಸಲಿಲ್ಲ. ಐ-೩೫೫ ಹೆದ್ದಾರಿಯ ಎಕ್ಸಿಟ್ ತೆಗೆದುಕೊಂಡ ಮೇಲೆ, "ಚೆನ್ನಾಗಿ ಓಡಿಸಿದೆ" ಎಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ.

ವುಡ್‌ರಿಡ್ಜ್‌ನಲ್ಲಿ ನನ್ನ ಗೆಳತಿಯೊಬ್ಬಳ ಮನೆ ಇತ್ತು. ಹುಬ್ಬಳ್ಳಿಯವಳು. ಗಂಡ-ಹೆಂಡತಿ ಅಲ್ಲೇ ಬಟ್ಟೆಯ ಅಂಗಡಿ ಇಟ್ಟಿದ್ದರು. ನಾನು ಫೋನ್ ಮಾಡಿದಾಗಿನಿಂದ ಕಾಯುತ್ತಿದ್ದವಳು ಬಾಗಿಲಲ್ಲೇ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಏನ ಹುಚ್ಚಿ ಅದೀ ನೀ! ಅಷ್ಟ ದೂರದಿಂದ ಒಬ್ಬಾಕಿನ ಗಾಡಿ ಹೊಡಕೊಂಡ ಬಂದೀ? ನಿನ್ನ ಗಂಡಗರ ಬುದ್ಧಿ ಬ್ಯಾಡೇನ? ಬರ್ರಿ ಅಂಕಲ್, ಬರ್ರಿ ಒಳಗ" ಎಂದು ಅವರಿಗೂ ಕನ್ನಡದಲ್ಲೇ ಹೇಳಿ ಕರೆದಳು. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ಅಂಕಲ್ ರೊಟ್ಟಿ ಮುರಿದ ಸದ್ದು ಕೇಳಿಯೇ ಮುಖ ಅರಳಿಸಿದರು. ಅವರ ಊರಿನಲ್ಲೂ ಇಂಥದೇ ಒಣ ರೊಟ್ಟಿ, ನಡುವೆ ತೂತು ಮಾಡಿ, ಕೋಲಿಗೆ ಪೋಣಿಸಿ ಒಲೆಯ ಮೇಲೆ ತೂಗುಹಾಕುತ್ತಿದ್ದರಂತೆ. ನಾಲ್ಕು ರೊಟ್ಟಿ ತಿಂದರು.

ಮೂರು ಗಂಟೆಗೆ ಆ ಮನೆಗೆ ಹೋದೆವು. ಗುಮಾಸ್ತರಾಗಿದ್ದ ಆ ಮುದುಕರು ಎರಡೂ ಕಿವಿಗೆ ಯಂತ್ರ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಇವರಿಗೆ ಅವರು ಕಾಣುವುದಿಲ್ಲ, ಅವರಿಗೆ ಇವರು ಹೇಳಿದ್ದು ಕೇಳುವುದಿಲ್ಲ. ಹಾಗಾಗಿ ಐವತ್ತು ವರ್ಷದ ಮೇಲಿನ ಮೊದಲ ಮಾತುಗಳನ್ನು ಇಬ್ಬರೂ ಕೂಗಿ ಆಡಬೇಕಾಯಿತು. ಗುಮಾಸ್ತರ ಮಗಳು, ನಲವತ್ತು ದಾಟಿದ ಹೆಂಗಸು, ನನ್ನನ್ನು ಅಡುಗೆಮನೆಗೆ ಕರೆದು ಕಾಫಿ ಕೊಟ್ಟಳು. ಸ್ವೀಡಿಷ್ ಮಾತು ಗೋಡೆ ದಾಟಿ ಸ್ಪಷ್ಟವಾಗಿ ಬರುತ್ತಿತ್ತು. ನನಗೆ ಒಂದಕ್ಷರ ತಿಳಿಯದು, ಅವಳಿಗೆ ಅಲ್ಲೊಂದು ಇಲ್ಲೊಂದು.

"ಅಪ್ಪ ಆಗಲ್ಲ ಅಂತಿದಾರೆ" ಎಂದು ಪಿಸುಗುಟ್ಟಿದಳು. "ತಾತನ ಹೆಸರು ಹಾಳು ಮಾಡಲ್ಲ ಅಂತಿದಾರೆ."

ಅಂಕಲ್ ಏನೋ ಹೇಳಿದರು, ಎರಡು ಸಲ, ಎರಡನೇ ಸಲ ಜೋರಾಗಿ. ಅದರಲ್ಲಿ 'ಅಮ್ಮ', 'ಬಾಗಿಲು' ಎಂಬ ಪದಗಳಷ್ಟೇ ಅವಳಿಗೆ ತಿಳಿದವು. ಆಮೇಲೆ ಎಷ್ಟು ಹೊತ್ತಾದರೂ ಸದ್ದಿಲ್ಲ. ನಾವಿಬ್ಬರೂ ಗಾಬರಿಯಾಗಿ ಹಾಲಿಗೆ ಬಂದೆವು. ಗುಮಾಸ್ತರು ಮಗಳನ್ನು ನೋಡಿ, ಅವಳಿಗೂ ತಿಳಿಯಲೆಂದೋ ಏನೋ, ಇಂಗ್ಲಿಷಿಗೆ ತಿರುಗಿದರು.

"ಆ ಕಾಗದ ಟೈಪ್ ಮಾಡಿದ್ದು ನಾನು" ಎಂದರು. "ನಮ್ಮಪ್ಪ ಸಹಿ ಹಾಕಿ, ಆಕೆ ಕೈಗೇ ಕೊಡು, ನಾನು ನಾಳೆ ಬಂದು ಮಾತಾಡ್ತೀನಿ ಅಂತ ಹೇಳು ಅಂದ್ರು. ನಾನು ಬಂದೆ. ಕಿಟಕಿಯಿಂದ ನೋಡಿದೆ. ನೀವೆಲ್ಲ ಊಟ ಮಾಡ್ತಿದ್ರಿ. ನನಗೆ ಬಾಗಿಲು ತಟ್ಟೋಕೆ ಆಗಲಿಲ್ಲ. ಬಾಗಿಲ ಕೆಳಗೆ ತಳ್ಳಿ ಓಡಿಹೋದೆ. ಮನೆಗೆ ಹೋಗಿ ಅಪ್ಪನಿಗೆ, ಆಕೆ ಕೈಗೇ ಕೊಟ್ಟೆ, ನೀವು ಬರೋದು ಬೇಡ ಅಂದ್ರು ಅಂತ ಸುಳ್ಳು ಹೇಳಿದೆ."

ಅಂಕಲ್ ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದ್ದರು. ಎದುರಿಗಿರುವವರನ್ನು ಕಣ್ಣಂಚಿನಲ್ಲಿ ಹಿಡಿಯಲು ಅವರು ಹಾಗೆ ಮಾಡುತ್ತಿದ್ದರು.

"ಏನು ಊಟ ಮಾಡ್ತಿದ್ವಿ?" ಎಂದು ಕೇಳಿದರು.

ಗುಮಾಸ್ತರಿಗೆ ಕೇಳಿಸಲಿಲ್ಲ. ಮಗಳು ಕಿವಿಯ ಹತ್ತಿರ ಬಗ್ಗಿ ಮತ್ತೆ ಹೇಳಿದಳು.

"ಆಲೂಗಡ್ಡೆ. ಉಪ್ಪು ಮೀನು. ನಿನ್ನ ಚಿಕ್ಕ ತಂಗಿ ಬೆಂಚಿನ ಮೇಲೆ ಮಂಡಿಯೂರಿ ಕೂತಿದ್ದಳು."

"ಹೌದು. ಅವಳು ಹಾಗೇ ಕೂರ್ತಿದ್ಲು" ಎಂದರು ಅಂಕಲ್.

ಯಾರೂ ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ. ಮಗಳು ಕಾಗದ ಪೆನ್ನು ತಂದಳು. ಗುಮಾಸ್ತರು ತಾವೇ ಬರೆದರು. ಮನೆ ಬಿಡಲು ಕಂಪನಿ ನೋಟಿಸು ಕೊಟ್ಟದ್ದು ನಿಜ, ಟೈಪ್ ಮಾಡಿದ್ದು ನಾನು, ಬಾಗಿಲು ತಟ್ಟದೆ ಹಾಕಿ ಬಂದದ್ದೂ ನಾನು, ನನ್ನ ತಂದೆಯಲ್ಲ. ಬರೆದ ಮೇಲೆ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಹದಿನಾಲ್ಕು ಮನೆಗಳಲ್ಲಿ ಯಾರು ಯಾರು ಇದ್ದರು ಎಂದು ಇಬ್ಬರೂ ಕೂಗಾಡುತ್ತಾ ತುಂಬಿಸತೊಡಗಿದರು. ಹನ್ನೊಂದನೇ ಮನೆಯ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಕತ್ತಲಾಗುವ ಮುಂಚೆ ನಾನು ಅವರನ್ನು ಎಬ್ಬಿಸಿಕೊಂಡು ಬರಬೇಕಾಯಿತು.

ರಾತ್ರಿ ಗೆಳತಿಯ ಮನೆಯಲ್ಲಿ ಉಳಿದು ಮರುದಿನ ವಾಪಸ್ ಹೊರಟೆವು. ಅಂಕಲ್ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಬಂದಿರಬೇಕು ಎಂದುಕೊಂಡೆ.

"ಐವತ್ತು ವರ್ಷ ಅವನಪ್ಪನ ಮೇಲೆ ಸಿಟ್ಟಿಟ್ಕೊಂಡಿದ್ದೆ" ಎಂದರು, ಕ್ಯಾಲಮಜೂ ಊರು ದಾಟುವಾಗ. "ಅದನ್ನ ಈಗ ಇವನ ಮೇಲೆ ಹಾಕಬೇಕು. ಬರಲಿ ಅಂತ ಬೆಳಗಿಂದ ಕಾಯ್ತಾ ಕೂತಿದೀನಿ. ಬರ್ತಾನೇ ಇಲ್ಲ."

"ಬರದಿದ್ರೆ ಬಿಡಿ ಅಂಕಲ್."

"ಅಷ್ಟು ಸುಲಭ ಅಲ್ಲ. ಅಮ್ಮನಿಗೆ ಹೇಳಬೇಕಿತ್ತು. ಒಬ್ಬ ಹುಡುಗ ಹೆದರಿ ಓಡಿಹೋದ, ಅಷ್ಟೇ ಕಣಮ್ಮ ಅಂತ."

ನಾನು ಓಡಿಸುತ್ತಾ, ನನ್ನ ಅಮ್ಮ ನೆಲ ಉಜ್ಜಿದ್ದು, ಅವರಮ್ಮ ಬೂದಿ ಸುರಿದದ್ದು, ಎರಡೂ ಒಂದೇ ನೋವಿನಿಂದಲೇ ಇರಬಹುದೇ ಎಂದು ಯೋಚಿಸುತ್ತಿದ್ದೆ. ಹಾಗಲ್ಲ ಎಂದು ಈಗ ಅನ್ನಿಸುತ್ತದೆ. ನಮಗೆ ಬೀಳ್ಕೊಡುಗೆ ಆಗಿತ್ತು, ಹಾರ ಹಾಕಿ, ಕೈಗಡಿಯಾರ ಕೊಟ್ಟು ಅಪ್ಪನನ್ನು ಕಳಿಸಿದ್ದರು. ಅಂಕಲ್‌ರ ಅಮ್ಮನಿಗೆ ಯಾರೂ ಒಂದು ಮಾತೂ ಹೇಳಿರಲಿಲ್ಲ.

ಪುಸ್ತಕ ಮುಂದಿನ ವಸಂತದಲ್ಲಿ ಬಂತು. ಅಷ್ಟರಲ್ಲಿ ಅಂಕಲ್‌ಗೆ ಯಂತ್ರದಲ್ಲೂ ಓದಲಾಗುತ್ತಿರಲಿಲ್ಲ. ನಾನೇ ಓದಬೇಕೆಂದರು. "ನಂಗೆ ಸ್ವೀಡಿಷ್ ಬರಲ್ವಲ್ಲ" ಎಂದರೆ, "ಅಕ್ಷರ ಬರುತ್ತಲ್ಲ, ಕೂಡಿಸಿ ಓದು" ಎಂದರು. ಕನ್ನಡ ಓದುವಂತೆ ಒಂದಕ್ಷರವನ್ನೂ ಬಿಡದೆ ಓದುತ್ತಾ ಹೋದೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾ, ಒಂದೊಂದೇ ಪದವನ್ನು ತಿದ್ದಿ, ಅರ್ಥ ಹೇಳುತ್ತಿದ್ದರು. ಪುಸ್ತಕದ ತುಂಬ, ಒಡೆಯ ತನ್ನ ಜನರನ್ನು ತೊಟ್ಟಿಲಿನಿಂದ ಮಣ್ಣಿನವರೆಗೆ ನೋಡಿಕೊಂಡ ಎಂಬಂಥ ಮಾತುಗಳೇ ಇದ್ದವು. ನಕ್ಷೆಯ ಪುಟದಲ್ಲಿ ಒಂಬತ್ತನೇ ನಂಬರಿನ ಎದುರು ಎರಡು ಸಾಲು ಬದಲಾಗಿತ್ತು. ವಿಧವೆ ಮತ್ತು ಮೂವರು ಮಕ್ಕಳು, ಕಂಪನಿಯ ನೋಟಿಸಿನಂತೆ, ಕ್ರಿಸ್ಮಸ್ಸಿಗೆ ಮುಂಚೆ ಮನೆ ಬಿಡಬೇಕಾಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ, ಆಗಿನ ಗುಮಾಸ್ತರ ಹೇಳಿಕೆ ಎಂದಿತ್ತು. ಬಾಗಿಲು ತಟ್ಟದ ವಿಷಯ ಹಾಕಿರಲಿಲ್ಲ.

"ಹಾಕಿಲ್ಲ ಅಂಕಲ್. ಇನ್ನೊಂದು ಪತ್ರ ಬರೆಯೋಣ್ವಾ?"

"ಬೇಡ. ಅದು ನಮ್ಮಿಬ್ಬರದ್ದು. ಪುಸ್ತಕದ್ದಲ್ಲ" ಎಂದರು.

ಅವತ್ತಿನಿಂದ ಪ್ರತಿ ಭಾನುವಾರ ಅಂಕಲ್, ಗುಮಾಸ್ತರು ಇಬ್ಬರೂ ಫೋನಿನಲ್ಲಿ ಕೂಗಾಡುತ್ತಿದ್ದರು. ಬೇಸಿಗೆಯಲ್ಲಿ ಕಿಟಕಿ ತೆರೆದಿದ್ದರೆ ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು. ಹನ್ನೊಂದನೇ ಮನೆಯ ತಕರಾರು ಬಗೆಹರಿಯಲೇ ಇಲ್ಲ. ೨೦೦೫ರ ಮಾರ್ಚಿನಲ್ಲಿ ಗುಮಾಸ್ತರು ತೀರಿಕೊಂಡರು. ಈ ಸಲ ನನ್ನ ಗಂಡ ತಾವಾಗಿಯೇ ಕಾರಿಗೆ ಪೆಟ್ರೋಲ್ ತುಂಬಿಸಿ ತಂದು ನಿಲ್ಲಿಸಿದರು. ಅಂತ್ಯಕ್ರಿಯೆಯಲ್ಲಿ ಯಾರೋ ಅಂಕಲ್‌ರನ್ನು, ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು. "ಒಂದೇ ಸಾಲಿನ ಮನೆಯವರು" ಎಂದರು. ಮ್ಯಾನೇಜರನ ಮನೆ ಆ ಸಾಲಿನಲ್ಲಿ ಇರಲಿಲ್ಲವೆಂದು ನನಗೆ ಗೊತ್ತಿತ್ತು. ಅದು ಕೆರೆಯ ಆಚೆ ದಡದಲ್ಲಿ, ಕಲ್ಲಿನದು. ನಾನು ಅವರ ತೋಳು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಎದುರಿಗೆ ಮೂರು ಮೆಟ್ಟಿಲು ಇಳಿಯಬೇಕಿತ್ತು, ಒಂದೊಂದನ್ನೇ ಹೇಳುತ್ತಾ ಇಳಿಸಿದೆ.